ಮಾತೆರ್ದೇಯಿಯ ಹಕ್ಕಿಹೆಣ್ಣು

ನೇಪಲ್ಸಿನಲ್ಲಿ ಮತ್ಸ್ಯಕನ್ಯೆಯನ್ನು ಹುಡುಕುವ ಕಷ್ಟವೇ ಇಲ್ಲ. ಕೀಚೈನಿನಲ್ಲಿ, ಟೀ ಶರ್ಟಿನಲ್ಲಿ ಬಾಲ ಬಳುಕಿಸುತ್ತಾ ನಿಮ್ಮ ಹಿಂದೆಯೇ ಬರುತ್ತಾಳೆ. ನನಗೆ ಬೇಕಿದ್ದವಳು ಬೇರೆ. ಅವಳಿಗಾಗಿ ಮೆಟ್ರೊದ ಒಂದನೇ ಮಾರ್ಗ ಹಿಡಿದು ಮಾತೆರ್ದೇಯಿಯಲ್ಲಿ ಇಳಿದೆ. ಅಲೆಸ್ಸಾಂದ್ರೊ ಮೆಂದೀನಿ ರೂಪಿಸಿದ, 2003ರಲ್ಲಿ ತೆರೆದ ಆ ನಿಲ್ದಾಣದಲ್ಲೇ ಕಣ್ಣಿಗೆ ಸಾಕಷ್ಟು ಬಣ್ಣ. ಹೊರಗೆ ಮಾತ್ರ ಬರೀ ಏರು, ತಲೆಯ ಮೇಲೆ ಒಣಹಾಕಿದ ಬಟ್ಟೆಗಳ ಸಾಲು.

ಸಲೀತಾ ಸಾನ್ ರಫಾಯೆಲೆ ಎಂಬ ಏರುಬೀದಿಯಲ್ಲಿ, ಹಳೆಯ ಮನೆಯೊಂದರ ಗೋಡೆಯ ಮೇಲೆ ಸಿಕ್ಕಳು ಪಾರ್ಥೆನೊಪೆ, ಹಾಡಿನಿಂದ ನಾವಿಕರನ್ನು ಸೆಳೆದು ಬಲಿ ತೆಗೆದುಕೊಳ್ಳುವ ಗ್ರೀಕ್ ಪುರಾಣದ ಸಿರೆನ್‌ಗಳಲ್ಲಿ ಒಬ್ಬಳು. ಬರೆದವನು ಅರ್ಜೆಂಟೀನಾದ ಫ್ರಾನ್ಸಿಸ್ಕೊ ಬೋಸೊಲೆತ್ತಿ, 2015ರಲ್ಲಿ. ಇವಳಿಗೆ ಮೀನಿನ ಬಾಲವಿಲ್ಲ, ಇವಳು ಹಕ್ಕಿಹೆಣ್ಣು.

ಇದು ಕಲಾವಿದನ ಹುಚ್ಚಾಟವಲ್ಲ. ಹೋಮರ್ ತನ್ನ ಸಿರೆನ್‌ಗಳ ಮೈಕಟ್ಟನ್ನು ವರ್ಣಿಸಲೇ ಇಲ್ಲ. ಗ್ರೀಕ್ ಮಡಕೆ ಚಿತ್ರಗಾರರು ಅವರಿಗೆ ಹೆಣ್ಣಿನ ತಲೆ, ಹಕ್ಕಿಯ ಮೈ ಕೊಟ್ಟರು. ಬಾಲ ಅಂಟಿದ್ದು ಮಧ್ಯಯುಗದಲ್ಲಿ. ಹೋಮರನ ಕಥಾನಾಯಕ ಯುಲಿಸಿಸ್ ತನ್ನ ಹಾಡಿಗೆ ಬಲಿಯಾಗದೆ ಪಾರಾದನೆಂದು ಪಾರ್ಥೆನೊಪೆ ಕಡಲಿಗೆ ಹಾರಿ ಸತ್ತಳು; ಹೆಣ ತೇಲಿ ಬಂದು ಮೆಗಾರಿದೆ ಎಂಬ ನಡುಗಡ್ಡೆಯ ದಡ ಸೇರಿತು ಎನ್ನುತ್ತದೆ ಕಥೆ. ಇಂದು ಅಲ್ಲಿರುವುದು ಕಾಸ್ತೆಲ್ ದೆಲ್ಲೋವೊ ಕೋಟೆ. ಗ್ರೀಕರ ಮೊದಲ ನೆಲೆಗೆ ಅವಳದೇ ಹೆಸರು. ಆಮೇಲೆ ‘ಹೊಸ ಊರು’ ಎಂಬರ್ಥದ ನೆಯಾಪೊಲಿಸ್ ಹುಟ್ಟಿತು, ಅದೇ ಸವೆದು ನಾಪೊಲಿಯಾಯಿತು. ಆದರೂ ಊರಿನವರು, ಊರಿನ ಫುಟ್‌ಬಾಲ್ ತಂಡದವರು ಈಗಲೂ ‘ಪಾರ್ತೆನೊಪೇಯಿ’ಗಳೇ. ಸೋತವಳ ಹೆಸರು ಊರಿಗೆ ಅಂಟಿಕೊಂಡದ್ದು ಮಹಿಷನ ಹೆಸರು ಹೊತ್ತ ಮೈಸೂರಿನವರಿಗೆ ವಿಚಿತ್ರವೆನಿಸಲಾರದು.

ಬೋಸೊಲೆತ್ತಿ ಇಷ್ಟಕ್ಕೇ ನಿಲ್ಲಲಿಲ್ಲ. ಸ್ಪ್ಯಾನಿಷ್ ಕ್ವಾರ್ಟರ್ಸ್‌ನಲ್ಲಿ ಮಾರಿಯೊ ಫಿಲಾರ್ದಿ 1990ರಲ್ಲಿ ಬರೆದ ಮರಡೋನಾ ಚಿತ್ರದ ಎದುರು ಗೋಡೆಗೆ ಇವನು ಐಸಿಸ್ ದೇವಿಯನ್ನು ತಂದ. ಸಾನ್ಸೆವೆರೊ ಪ್ರಾರ್ಥನಾ ಮಂದಿರದಲ್ಲಿರುವ ಕೊರ್ರಾದೀನಿಯ ಮುಸುಕಿನ ಹೆಣ್ಣಿನ ಅಮೃತಶಿಲಾ ಪ್ರತಿಮೆಯೇ ಅದಕ್ಕೆ ಪ್ರೇರಣೆ. ಜನ ಮಾತ್ರ ಅವಳಿಗೆ ಬೆನ್ನು ಹಾಕಿ ಮರಡೋನಾ ಜೊತೆ ಸೆಲ್ಫಿ ತೆಗೆದುಕೊಳ್ಳುತ್ತಾರೆ. ಕಸೂತಿಯಂಥ ಆ ಕೆಲಸಕ್ಕೆ ಇದು ಅನ್ಯಾಯವೇ ಸರಿ.

ಸಂಜೆ ವಿಶ್ವವಿದ್ಯಾಲಯದ ಬಳಿಯ ಸ್ಪಿನಾಕೊರೋನಾ ಕಾರಂಜಿಗೆ ಹೋದೆ. ಇಲ್ಲಿಯೂ ಪಾರ್ಥೆನೊಪೆ, ಇಲ್ಲಿಯೂ ರೆಕ್ಕೆ. ಕಾಲುಗಳಂತೂ ಅಪ್ಪಟ ಹಕ್ಕಿಯವು. ವೆಸುವಿಯಸ್ ಬೆಟ್ಟದ ಮೇಲೆ ನಿಂತು ಮೊಲೆಗಳಿಂದ ನೀರು ಚಿಮ್ಮಿಸಿ ಅದರ ಬೆಂಕಿ ಆರಿಸುತ್ತಿದ್ದಾಳೆ. ಜನ ಇದನ್ನು ‘ಮೊಲೆಗಳ ಕಾರಂಜಿ’ ಎಂದೇ ಕರೆಯುತ್ತಾರೆ, ನಾಚಿಕೆಯಿಲ್ಲದೆ. ಹದಿನಾರನೇ ಶತಮಾನದ ಮೂಲ ಶಿಲ್ಪ ಸಾನ್ ಮಾರ್ತೀನೊ ವಸ್ತುಸಂಗ್ರಹಾಲಯದಲ್ಲಿದೆ; ಬೀದಿಯಲ್ಲಿರುವುದು ಪ್ರತಿ.

ನಾನು ತಿರುವುಮುರುವಾಗಿ ಹೋದೆ. ನೀವು ಹೋದರೆ ಕಾರಂಜಿಯನ್ನು ಮೊದಲು ನೋಡಿ, ಆಮೇಲೆ ಮಾತೆರ್ದೇಯಿಯ ಏರು ಹತ್ತಿ.