ಜಗಲಿಯಿಂದ ಮೆತ್ತಿಗೆ

ಮೆಜೆಸ್ಟಿಕ್‌ನಿಂದ ರಾತ್ರಿ ಹೊರಟ ಬಸ್ಸು ಸುಮಾರು 400 ಕಿಲೋಮೀಟರ್ ಓಡಿ ಬೆಳಗಿನ ಜಾವ ಸಿರ್ಸಿ ಮುಟ್ಟಿದಾಗ ಜುಲೈ ಮಳೆ ಒಂದೇ ಸಮನೆ ಹೊಯ್ಯುತ್ತಿತ್ತು. ಅಲ್ಲಿಂದ ಸಿದ್ದಾಪುರದ ರಸ್ತೆ ಹಿಡಿದು, ಕೊನೆಗೆ ಮಣ್ಣುದಾರಿಗೆ ಇಳಿದರೆ ಸೋದರಮಾವನ ಮನೆ. ಕೊಳೆರೋಗ ಬಾರದಿರಲೆಂದು ಅಡಿಕೆ ಕೊನೆಗಳಿಗೆ ಕಟ್ಟಿದ ಪ್ಲಾಸ್ಟಿಕ್ ಕೊಟ್ಟೆಗಳು ತೋಟದ ತುಂಬ ಮಿನುಗುತ್ತಿದ್ದವು. ಈ ಮಳೆಯಲ್ಲಿ ಜೋಗ ಮೈದುಂಬಿರುತ್ತದೆ, ಯಾಣವೂ ದೂರವಲ್ಲ. ಈ ಸಲ ಎರಡನ್ನೂ ನೋಡಲಿಲ್ಲ. ಮೂರು ದಿನ ನಾನು ತಿರುಗಿದ್ದು ಆ ಮನೆಯ ಜಗಲಿಗೂ ಮೆತ್ತಿಗೂ (ಮಹಡಿಗೂ) ನಡುವಿನ ಹದಿನೆಂಟು ಮೆಟ್ಟಿಲುಗಳ ಮೇಲೆ. ಅಷ್ಟು ಕಡಿಮೆ ದೂರದಲ್ಲಿ ಅಷ್ಟೊಂದು ಲೋಕ ಇದೆಯೆಂದು ಹೋಗುವ ಮೊದಲು ನನಗೆ ಗೊತ್ತಿರಲಿಲ್ಲ.

"ತಮಾ, ಬಂದ್ಯಾ? ಆಸರಿಗೆ ಎಂತ ಅಡ್ಡಿಲ್ಲೆ?" ಎಂದು, ಕುಡಿಯಲು ಏನಾಗಬಹುದೆಂದು ಮಾವ ಜಗಲಿಯಿಂದಲೇ ಕೇಳಿದರು. ಅತ್ತೆ ತೆಳ್ಳೇವು, ಜೋನಿಬೆಲ್ಲ ಇಟ್ಟರು. ತಿಂದು ಮುಗಿಯುವಷ್ಟರಲ್ಲಿ ಮಾವ ಬೆರಳು ತೋರಿಸಿದ್ದು ಜಗಲಿಯ ಮೂಲೆಯಲ್ಲಿದ್ದ ಹಳೆಯ ಕಂಪ್ಯೂಟರಿನ ಕಡೆಗೆ. ವಿಂಡೋಸ್ ಎಕ್ಸ್‌ಪಿ ಕಾಲದ ಯಂತ್ರ. ಅದರ ಹೊಟ್ಟೆಯಲ್ಲಿ 43 ಕ್ಯಾಸೆಟ್‌ಗಳ ತಾಳಮದ್ದಲೆ ಇತ್ತು. ಊರಿನ ದೇವಸ್ಥಾನದಲ್ಲಿ, ಮದುವೆಮನೆಯ ಚಪ್ಪರದಲ್ಲಿ, ಇದೇ ಜಗಲಿಯಲ್ಲಿ ರಾತ್ರಿಯಿಡೀ ನಡೆದ ಕೂಟಗಳು. ಮಾವ ಹತ್ತು ವರ್ಷಗಳ ಹಿಂದೆ ಒಂದೊಂದನ್ನೂ ಟೇಪ್‌ರೆಕಾರ್ಡರಿನಲ್ಲಿ ಓಡಿಸಿ, ತಂತಿ ಜೋಡಿಸಿ, ಇದರೊಳಗೆ ತುಂಬಿಸಿದ್ದರು. ಆಮೇಲೆ ಕ್ಯಾಸೆಟ್‌ಗಳಿಗೆ ಬೂಸಲು ಹಿಡಿಯಿತು. ಕಳೆದ ವರ್ಷ ಬಡಿದ ಸಿಡಿಲಿಗೆ ಕಂಪ್ಯೂಟರಿನ ಯುಎಸ್‌ಬಿ ಕಿಂಡಿಗಳೆಲ್ಲ ಸುಟ್ಟವು. ದುಂಡು ಪಿನ್ನಿನ ಹಳೆಯ ಕೀಲಿಮಣೆ, ಮೌಸ್ ಮಾತ್ರ ಬದುಕಿದ್ದವು. ಡಿವಿಡಿ ತಟ್ಟೆ ತೆರೆಯುತ್ತಿರಲಿಲ್ಲ. ಪೆನ್‌ಡ್ರೈವ್ ಚುಚ್ಚುವ ದಾರಿ ಇಲ್ಲ. ಉಳಿದದ್ದು ಒಂದೇ ದಾರಿ, ನೆಟ್‌ವರ್ಕ್ ಕೇಬಲ್ಲಿನದು.

"ಭಾವ, ಎರಡಕ್ಕೂ ನೆಟ್ ಇದ್ದು. ಆದ್ರೂ ನನ್ನ ಲ್ಯಾಪ್‌ಟಾಪಿಗೆ ಅದು ಕಾಣ್ತೇ ಇಲ್ಲೆ" ಎಂದಳು ಮಾವನ ಸೊಸೆ. ಅವಳು ಮೆತ್ತಿಯ ಮೇಲೆ ಕುಳಿತು ಬೆಂಗಳೂರಿನ ಕಂಪನಿಯೊಂದಕ್ಕೆ ಕೆಲಸ ಮಾಡುತ್ತಾಳೆ. ದಿನವೂ ದೇಶವಿದೇಶಗಳ ಜೊತೆ ಮಾತಾಡುವ ಅವಳ ಯಂತ್ರಕ್ಕೆ ಕಾಲ ಕೆಳಗಿನ ಜಗಲಿ ಕಾಣುತ್ತಿಲ್ಲ. ಮಾವ ಅದನ್ನೇ ಒಂದು ಮಾತಿನಲ್ಲಿ ಹೇಳಿದರು: "ಒಂದೇ ಮನೇಲಿದ್ದು, ಒಂದಕ್ಕೊಂದು ಗುರ್ತೇ ಇಲ್ಲೆ."

ಹೊಸ ಊರಿಗೆ ಹೋದವರು ಮೊದಲು ದಾರಿ ಕೇಳುವಂತೆ ನಾನು ಕೇಬಲ್ಲಿನಿಂದ ಶುರುಮಾಡಿದೆ. ಜಗಲಿಯ ಗೋಡೆಯಲ್ಲಿ ಫೈಬರ್ ಬಂದು ಇಳಿಯುವ ಪೆಟ್ಟಿಗೆ. ಅದರಿಂದ ಒಂದು ತಂತಿ ಹಳೆಯ ಕಂಪ್ಯೂಟರಿಗೆ, ಇನ್ನೊಂದು ತೊಲೆಯ ಪಕ್ಕದಲ್ಲೇ ಹತ್ತಿ ಮೆತ್ತಿಯ ಮೇಲಿನ ವೈಫೈ ರೂಟರಿಗೆ. ಮಣ್ಣಿನ ದಪ್ಪ ಗೋಡೆ ದಾಟಿ ವೈಫೈ ಮೇಲೇರುವುದಿಲ್ಲವೆಂದು ಆ ಎರಡನೆಯ ಪೆಟ್ಟಿಗೆ ತಂದಿದ್ದರು. ತಂತಿಯ ತುದಿಯೊಂದು ಸಡಿಲವಾಗಿತ್ತು. ಬಿಚ್ಚಿ ನೋಡಿದಾಗ ಒಳಗೆ ಎಂಟು ಎಳೆ, ಎರಡೆರಡಾಗಿ ಹುರಿ ಹಾಕಿದ ನಾಲ್ಕು ಜೋಡಿ: ಕಿತ್ತಳೆ, ಹಸಿರು, ನೀಲಿ, ಕಂದು. ಹೊರಗಿನ ವಿದ್ಯುತ್ ಗದ್ದಲ ಹುರಿಯ ಎರಡೂ ಎಳೆಗಳಿಗೆ ಸಮನಾಗಿ ತಗಲುತ್ತದೆ. ಆಚೆ ತುದಿಯಲ್ಲಿ ಎರಡರ ನಡುವಿನ ವ್ಯತ್ಯಾಸವನ್ನಷ್ಟೇ ಓದುವುದರಿಂದ ಗದ್ದಲ ತಾನಾಗಿ ಕಳೆದುಹೋಗುತ್ತದೆ. ಟೆಲಿಫೋನಿನ ತಂತಿಗೆ ಈ ಹುರಿಯ ಉಪಾಯವನ್ನು ಅಲೆಕ್ಸಾಂಡರ್ ಗ್ರಹಾಂ ಬೆಲ್ ಕಂಡುಕೊಂಡದ್ದು 1881ರಲ್ಲಿ. ಹಗ್ಗ ಹೊಸೆಯುವವರ ಕೈಯ ವಿದ್ಯೆ ಈ ಮನೆಯ ತೊಲೆಯ ಮೇಲೆ ಇವತ್ತಿಗೂ ಮಾತು ಹೊತ್ತು ಓಡುತ್ತಿದೆ! ತುದಿ ಸರಿಯಾಗಿ ಕೂರಿಸಿದೆ. ಹಸಿರು ದೀಪ ಮಿನುಗಿತು. ದಾರಿ ಇದೆ ಎಂದಾಯಿತು.

ದಾರಿಯಿದ್ದರೆ ಸಾಲದು, ವಿಳಾಸ ಬೇಕು. ಎರಡೂ ಯಂತ್ರಗಳಲ್ಲಿ ಆದೇಶ ಬರೆಯುವ ಕಪ್ಪು ಕಿಟಕಿ ತೆರೆದು ಅವುಗಳ ಐಪಿ ವಿಳಾಸ ಕೇಳಿದೆ. ಜಗಲಿಯದು 192.168.1.5 ಎಂದಿತು. ಮೆತ್ತಿಯದು 192.168.0.102. ಮೂರನೆಯ ಅಂಕಿ ಬೇರೆ! ರೋಗದ ಮೊದಲ ಎಳೆ ಅಲ್ಲಿ ಸಿಕ್ಕಿತು. 192.168ರಿಂದ ಶುರುವಾಗುವ ವಿಳಾಸಗಳನ್ನು 1996ರಲ್ಲಿ ಮನೆ, ಕಚೇರಿಗಳ ಒಳಬಳಕೆಗೆಂದೇ ಖಾಯಂ ಆಗಿ ಬಿಟ್ಟುಕೊಟ್ಟರು. ಇಂಟರ್ನೆಟ್ಟಿನ ಹೆದ್ದಾರಿಯಿಂದ ಆ ವಿಳಾಸಕ್ಕೆ ನೇರ ದಾರಿ ಇಲ್ಲ. ನಮ್ಮ ಮಲೆನಾಡಿನ ಊರೂರಿನಲ್ಲೂ ಒಂದು ಮೇಲಿನಮನೆ, ಒಂದು ಕೆಳಗಿನಮನೆ ಇರುವಂತೆ ಲೋಕದ ಲಕ್ಷಾಂತರ ಮನೆಗಳಲ್ಲಿ ಈ ಹೊತ್ತು ಒಂದೊಂದು 192.168.1.5 ಇದೆ. ಊರೊಳಗೆ ಯಾರಿಗೂ ಗೊಂದಲವಿಲ್ಲ.

ಮಾವನ ಮನೆಯಲ್ಲಿ ಮಾತ್ರ ಒಂದೇ ಸೂರಿನಡಿ ಎರಡು ಊರು ಹುಟ್ಟಿಕೊಂಡಿದ್ದವು. ಮೇಲಿನ ರೂಟರು ತಾನೂ ಯಜಮಾನನೆಂದು ಬೇರೆ ಸಾಲಿನ ವಿಳಾಸ ಹಂಚುತ್ತಿತ್ತು. ಯಂತ್ರವೊಂದು ನೆರೆಯವರನ್ನು ಹುಡುಕುವುದು ಕೂಗಿ. "192.168.1.5 ಯಾರು?" ಎಂದು ಎಲ್ಲರಿಗೂ ಕೇಳಿಸುವಂತೆ ಕೂಗುತ್ತದೆ, ಆ ವಿಳಾಸದ್ದು ಮಾತ್ರ ಓಗೊಡುತ್ತದೆ. ತೋಟದ ಈಚೆಯಿಂದ ಆಚೆಗೆ ಕೂ ಹಾಕಿ ಕರೆಯುವ ಹಾಗೆ. ಆದರೆ ಆ ಕೂಗು ರೂಟರನ್ನು ದಾಟುವುದಿಲ್ಲ, ಗುಡ್ಡದಾಚೆಯವರಿಗೆ ನಮ್ಮ ಕೂ ಕೇಳದಂತೆ. ಮೆತ್ತಿ ಎಷ್ಟು ಕೂಗಿದರೂ ಜಗಲಿಗೆ ಮುಟ್ಟದಿದ್ದುದು ಇದರಿಂದಲೇ.

ಮೇಲಿನ ರೂಟರಿಗೆ 192.168.1.2 ಎಂದು ಕೆಳಗಿನ ಸಾಲಿನದೇ ಖಾಲಿ ವಿಳಾಸ ಕೊಟ್ಟೆ. ಅದರ ವಿಳಾಸ ಹಂಚುವ ಕೆಲಸವನ್ನು ನಾನು ನಿಲ್ಲಿಸಿದೆ. ಹೊರಗಿನ ಸಂಪರ್ಕಕ್ಕೆಂದಿರುವ ಕಿಂಡಿಯಿಂದ ಕೇಬಲ್ ಕಿತ್ತು, ಪಕ್ಕದ ಒಳಸಾಲಿನ ಕಿಂಡಿಗೆ ಚುಚ್ಚಿದೆ. ಲ್ಯಾಪ್‌ಟಾಪ್ ಮತ್ತೆ ವಿಳಾಸ ಬೇಡಿ ಪಡೆಯಿತು: 192.168.1.8. ಎರಡು ಊರು ಒಂದಾದವು.

ಈಗ ಪಿಂಗ್ ಕೊಟ್ಟು ನೋಡುವ ಹೊತ್ತು. ಪಿಂಗ್ ಎಂದರೆ ಒಂದು ಪುಟ್ಟ ಪೊಟ್ಟಣ ಕಳಿಸಿ, ಅದು ಮರಳಿ ಬರಲು ಎಷ್ಟು ಹೊತ್ತಾಯಿತೆಂದು ಅಳೆಯುವುದು. ಅಮೆರಿಕದ ಮೈಕ್ ಮ್ಯೂಸ್ 1983ರ ಡಿಸೆಂಬರಿನಲ್ಲಿ ಇದನ್ನು ಬರೆದರು; ಜಲಾಂತರ್ಗಾಮಿಗಳು ಶಬ್ದ ಕಳಿಸಿ ಪ್ರತಿಧ್ವನಿಗೆ ಕಾಯುವ ಸೋನಾರ್ ಪದ್ಧತಿಯಿಂದ ಹೆಸರಿಟ್ಟರು. ನಾನು ನಾಲ್ಕು ಪಿಂಗ್ ಕಳಿಸಿದೆ. ನಾಲ್ಕಕ್ಕೂ ಉತ್ತರವಿಲ್ಲ. ಜಗಲಿಗೆ ಇಳಿದು ಹಳೆಯ ಯಂತ್ರದ ಫೈರ್‌ವಾಲ್ ತೆರೆದೆ. ಕಡತ ಹಂಚಿಕೆಗೆ ಅವಕಾಶ ಕೊಡುವ ಚೌಕ ಖಾಲಿಯಿತ್ತು. ಕೂಗು ಕೇಳಿಸಿಯೂ ಬಾಗಿಲು ಹಾಕಿಕೊಂಡು ಸುಮ್ಮನಿದ್ದ ಮನೆ ಅದು. ಗುರುತು ಹಾಕಿ, ಈ ಮನೆಯ ಜಾಲಕ್ಕೆ ಮಾತ್ರ ಎಂದು ಮಿತಿ ಕಟ್ಟಿ, ಮತ್ತೆ ಮೆಟ್ಟಿಲು ಹತ್ತಿದೆ. ಈ ಸಲ ಉತ್ತರ ಬಂತು: ಮೂರು ಮಿಲಿಸೆಕೆಂಡ್. ಒಂದು ಸೆಕೆಂಡಿನ ಸಾವಿರದಲ್ಲಿ ಮೂರು ಪಾಲು! ನನ್ನ ಕಾಲು ಅರ್ಧ ನಿಮಿಷ ತೆಗೆದುಕೊಂಡ ದಾರಿಯನ್ನು ಅದು ಹೋಗಿ ಬಂದಿತ್ತು. ಅತ್ತೆಯನ್ನೂ ಕರೆದು ತೋರಿಸಿದೆ.

ಎರಡನೆಯ ದಿನದ ಬೆರಗು ಇನ್ನೂ ದೊಡ್ಡದು. ಲ್ಯಾಪ್‌ಟಾಪಿನಲ್ಲಿ ಎರಡು ಓರೆಗೆರೆ ಎಳೆದು ಜಗಲಿಯ ವಿಳಾಸ ಬರೆದಾಗ, ಇದು ಹಳೆಯ ಎಸ್‌ಎಂಬಿ 1 ಕೇಳುತ್ತಿದೆ, ಅದು ಸುರಕ್ಷಿತವಲ್ಲ ಎಂಬ ಸೂಚನೆ ಬಂತು. ಎಸ್‌ಎಂಬಿ ಎಂದರೆ ಯಂತ್ರಗಳು ಕಡತ ಕೊಡುಕೊಳ್ಳಲು ಆಡುವ ಭಾಷೆ. 1980ರ ದಶಕದ ಆರಂಭದಲ್ಲಿ ಐಬಿಎಂ ಕಂಪನಿಯ ಬ್ಯಾರಿ ಫೈಗನ್‌ಬಾಮ್ ಅದನ್ನು ರೂಪಿಸಿದರು. ಎರಡು ಯಂತ್ರ ಭೇಟಿಯಾದ ಕೂಡಲೇ ಕಡತದ ಮಾತೆತ್ತುವುದಿಲ್ಲ, ಮೊದಲು ಸಂಧಾನ ನಡೆಸುತ್ತವೆ. ಕೇಳುವ ಯಂತ್ರ ತನಗೆ ಬರುವ ನುಡಿಗಳ ಪಟ್ಟಿ ಕೊಡುತ್ತದೆ, ಕೊಡುವ ಯಂತ್ರ ಅದರಲ್ಲಿ ಒಂದನ್ನು ಒಪ್ಪುತ್ತದೆ. ಎಂಜಿನಿಯರುಗಳು ಒಂದೊಂದು ಆವೃತ್ತಿಗೂ ಇಟ್ಟ ಹೆಸರೇ 'ಡಯಲೆಕ್ಟ್', ಎಂದರೆ ಆಡುನುಡಿ. ಜಗಲಿಯ ಎಕ್ಸ್‌ಪಿಗೆ ಬರುವುದು ಮೊದಲ ಆಡುನುಡಿ ಒಂದೇ. ಮೆತ್ತಿಯ ವಿಂಡೋಸ್ 10 ಎರಡನೆಯದನ್ನೂ ಮೂರನೆಯದನ್ನೂ ಬಲ್ಲದು. 2017ರ ಕೊನೆಯಿಂದೀಚೆಗೆ ಬಂದ ಅದರ ಆವೃತ್ತಿಗಳು, ಯಂತ್ರ ಚಾಲೂ ಇದ್ದ 15 ದಿನ ಹಳೆಯ ನುಡಿಯನ್ನು ಆಡದಿದ್ದರೆ, ಅದನ್ನು ತಾವಾಗಿಯೇ ಕಳಚಿಬಿಡುತ್ತವೆ. ಆಡದ ನುಡಿ ಮರೆತುಹೋಗುವುದು ಮನುಷ್ಯರಲ್ಲಿ ಮಾತ್ರ ಎಂದುಕೊಂಡಿದ್ದೆ.

ಮರೆವಿಗೆ ಕಾರಣವೂ ಇತ್ತು. 2017ರ ಮೇ ತಿಂಗಳಲ್ಲಿ ವಾನ್ನಕ್ರೈ ಎಂಬ ಪೀಡೆ ಈ ಹಳೆಯ ಎಸ್‌ಎಂಬಿಯ ಬಿರುಕಿನಲ್ಲೇ ನುಸುಳಿ, ಲೋಕದ ಲಕ್ಷಾಂತರ ಕಂಪ್ಯೂಟರುಗಳ ಕಡತಗಳಿಗೆ ಬೀಗ ಜಡಿದು ಹಣ ಕೇಳಿತು. ಬ್ರಿಟನ್ನಿನ ಆಸ್ಪತ್ರೆಗಳು ಕೂಡ ತತ್ತರಿಸಿದವು. ಹಾಗಾಗಿ ಆ ನುಡಿಯನ್ನು ಮತ್ತೆ ಎಬ್ಬಿಸುವ ಮೊದಲು ಊರ ಹೆಬ್ಬಾಗಿಲು ಮುಚ್ಚಬೇಕಿತ್ತು. ಜಗಲಿಯ ಪೆಟ್ಟಿಗೆಯಿಂದ ಫೈಬರ್ ಎಳೆ ಬಿಚ್ಚಿ, ಅದರ ತುದಿಗೆ ಮುಚ್ಚಳ ಹಾಕಿದೆ. ಹೊರಲೋಕದ ನಂಟು ಕಡಿಯಿತು. ಮನೆಯೊಳಗಿನ ದಾರಿ ಹಾಗೆಯೇ ಉಳಿಯಿತು. ಆಮೇಲೆ ಲ್ಯಾಪ್‌ಟಾಪಿನ ವಿಂಡೋಸ್ ಫೀಚರ್ಸ್ ಪಟ್ಟಿಯಲ್ಲಿ ಎಸ್‌ಎಂಬಿ 1ರ ಕ್ಲೈಂಟ್ ಭಾಗವೊಂದನ್ನೇ ಆರಿಸಿ, ಯಂತ್ರವನ್ನು ಮರುಚಾಲೂ ಮಾಡಿದೆ.

ಕೊನೆಯದು ನಂಬಿಕೆಯ ಬಾಗಿಲು. ಗುಪ್ತಪದವೇ ಇಲ್ಲದ ಖಾತೆಗೆ ಎಕ್ಸ್‌ಪಿ ತನ್ನ ಮುಂದೆ ಕುಳಿತವರನ್ನು ಮಾತ್ರ ಬಿಡುತ್ತದೆ, ಜಾಲದಿಂದ ಬಂದವರನ್ನು ಬಿಡುವುದಿಲ್ಲ. ಮಾವನ ಖಾತೆಗೆ ಗುಪ್ತಪದ ಇರಲಿಲ್ಲ. ಹೊಸದೊಂದು ಖಾತೆ ತೆರೆದು ಗುಪ್ತಪದ ಇಟ್ಟೆ. ಇಲ್ಲಿ ಎರಡು ಬೀಗಗಳಿರುವುದನ್ನು ಅವತ್ತು ಸರಿಯಾಗಿ ಅರಿತೆ: ಹಂಚಿಕೆಗೆ ಒಂದು ಅನುಮತಿ, ಫೋಲ್ಡರಿಗೆ ಇನ್ನೊಂದು. ಎರಡರಲ್ಲೂ ಹೂಂ ಅನ್ನಿಸಿಕೊಂಡರೆ ಮಾತ್ರ ಪ್ರವೇಶ. ಎರಡರಲ್ಲೂ ಓದುವ ಹಕ್ಕನ್ನಷ್ಟೇ ಕೊಟ್ಟೆ, ಕೈತಪ್ಪಿಯೂ ಏನೂ ಅಳಿಯಬಾರದೆಂದು. ಮತ್ತೆ ಹದಿನೆಂಟು ಮೆಟ್ಟಿಲು. ಹೆಸರು, ಗುಪ್ತಪದ ಬರೆದು ಗುಂಡಿ ಒತ್ತಿದೆ.

ಪರದೆಯ ಮೇಲೆ 43 ಫೋಲ್ಡರುಗಳು ಸಾಲಾಗಿ ಬಂದು ನಿಂತವು.

ವೈಫೈಯಲ್ಲಿ ನಿಧಾನವಾಗುತ್ತದೆಂದು ಲ್ಯಾಪ್‌ಟಾಪನ್ನು ಜಗಲಿಗೆ ತಂದು ಕೇಬಲ್ ಚುಚ್ಚಿದೆ. ಒಂದು ನಿಮಿಷದ ಧ್ವನಿಗೆ ಸುಮಾರು 10 ಎಂಬಿ. 90 ನಿಮಿಷದ 43 ಕ್ಯಾಸೆಟ್ ಎಂದರೆ ಸುಮಾರು 40 ಜಿಬಿ. ಒಂದೂವರೆ ತಾಸಿನ ಕೆಲಸ. ಹೊರಗೆ ಮಳೆ, ಒಳಗೆ ಹಸಿರು ಪಟ್ಟಿ ಒಂದೊಂದೇ ಕೂದಲೆಳೆ ಮುಂದೆ ಸರಿಯುತ್ತಿತ್ತು. ದಾಟಿ ಬಂದ ಮೊದಲ ಕಡತಗಳಲ್ಲಿ 1987ರ 'ಕೃಷ್ಣ ಸಂಧಾನ' ಇತ್ತು. ಮಾವ ತಡೆಯಲಾರದೆ ಅದನ್ನು ತೆರೆಯಲು ಹೇಳಿದರು.

ಮೊದಲು ಟೇಪಿನ ಸರಸರ. ಮದ್ದಲೆಯ ಪೆಟ್ಟು. ಭಾಗವತರ ಪದ. ಆಮೇಲೆ ಕೌರವನ ಸಭೆಗೆ ಬಂದ ಕೃಷ್ಣನ ಅರ್ಥ, ಎಂದರೆ ಆ ಪಾತ್ರದ ಮಾತು. ಅಜ್ಜನ ಧ್ವನಿ! ಅವರು ತೀರಿಕೊಂಡು ಇಪ್ಪತ್ತು ವರ್ಷ ಮೀರಿತ್ತು. ನನಗೆ ನೆನಪಿದ್ದದ್ದು ಅವರ ಮುಪ್ಪಿನ ಕೆಮ್ಮು. ಇಲ್ಲಿ ಮಾತಾಡುತ್ತಿದ್ದವರು ಗಟ್ಟಿ ಗಂಟಲಿನ, ಮಾತಿಗೆ ಮಾತು ಪೋಣಿಸುವ ನಡುಹರೆಯದವರು. "ಇದು ಅಪ್ಪಯ್ಯಂದೇಯ" ಎಂದ ಮಾವ ಮತ್ತೇನೂ ಹೇಳಲಿಲ್ಲ. ಅತ್ತೆ ಒಲೆ ಬಿಟ್ಟು ಬಂದು ಬಾಗಿಲಿಗೆ ಒರಗಿ ನಿಂತರು. ಅಜ್ಜನನ್ನು ಕಣ್ಣಾರೆ ಕಂಡಿರದ ಸೊಸೆ ಮೆಟ್ಟಿಲ ಮೇಲೆ ಕುಳಿತು ಕೇಳಿದಳು.

ಆ ಧ್ವನಿ ಇದೇ ಜಗಲಿಯಲ್ಲಿ ಹುಟ್ಟಿ, ಟೇಪಿನ ಮೇಲೆ ಮಲಗಿ, ಅಂಕಿಗಳಾಗಿ ಬದಲಾಗಿ, ಹುರಿ ಹಾಕಿದ ತಂತಿಯಲ್ಲಿ ಓಡಿ ನಮ್ಮ ಮುಂದೆ ಬಂದು ಕುಳಿತಿತ್ತು. ದಾರಿ, ವಿಳಾಸ, ಬಾಗಿಲು, ನುಡಿ, ನಂಬಿಕೆ: ಐದರಲ್ಲಿ ಒಂದು ತಪ್ಪಿದ್ದರೂ ಅದು ಬರುತ್ತಿರಲಿಲ್ಲ. ಹತ್ತಿರವಿದ್ದ ಮಾತ್ರಕ್ಕೆ ಪರಿಚಯವಾಗುವುದಿಲ್ಲ, ಅದನ್ನು ಯಾರಾದರೂ ಒಂದೊಂದೇ ಮೆಟ್ಟಿಲಾಗಿ ಕಟ್ಟಬೇಕು ಎಂಬುದು ಈ ಪ್ರವಾಸ ನನಗೆ ಕಲಿಸಿದ ಪಾಠ.

ಮೂರನೆಯ ದಿನ ಹಳೆಯ ನುಡಿಯನ್ನು ಲ್ಯಾಪ್‌ಟಾಪಿನಿಂದ ತೆಗೆದುಹಾಕಿದೆ. ಎಕ್ಸ್‌ಪಿ ಯಂತ್ರದ ಕೇಬಲ್ ಬಿಚ್ಚಿ, ಅದನ್ನು ಜಾಲದಿಂದ ಖಾಯಂ ಆಗಿ ಬಿಡಿಸಿದೆ. ಆಮೇಲೆ ಫೈಬರ್ ಜೋಡಿಸಿದೆ. 43 ಕ್ಯಾಸೆಟ್‌ಗಳ ಎರಡು ಪ್ರತಿ ಎರಡು ಹಾರ್ಡ್ ಡಿಸ್ಕ್‌ಗಳಿಗೆ ಹೋದವು: ಒಂದು ಮಾವನ ಕಪಾಟಿಗೆ, ಇನ್ನೊಂದು ನನ್ನ ಚೀಲದಲ್ಲಿ ಬೆಂಗಳೂರಿಗೆ.

ನಿಮ್ಮ ಮನೆಯ ಮೂಲೆಯಲ್ಲೂ ಅಂಥದೊಂದು ಹಳೆಯ ಕಂಪ್ಯೂಟರ್ ಇರಬಹುದು. ಅದರೊಳಗೆ ಮದುವೆಯ ಫೋಟೋ, ಅಮ್ಮನ ಹಾಡು, ಅಜ್ಜನ ಅರ್ಥಗಾರಿಕೆ ಇರಬಹುದು. ಮುಂದಿನ ಸಿಡಿಲಿಗೆ ಕಾಯಬೇಡಿ. ಈ ಭಾನುವಾರವೇ ಅದನ್ನು ಚಾಲೂ ಮಾಡಿ, ತಂತಿಯಿಂದ ಶುರುಮಾಡಿ ಒಂದೊಂದೇ ಮೆಟ್ಟಿಲು ನೋಡುತ್ತ ಹೋಗಿ, ಇದ್ದುದಕ್ಕೆಲ್ಲ ಎರಡನೆಯ ಪ್ರತಿ ಮಾಡಿ ಬೇರೆ ಮನೆಯಲ್ಲಿ ಇಡಿ.