ಆಗಸ್ಟ್ ಒಂದರ ಜೋಳಿಗೆ

ನಮ್ಮ ಮನೆಯ ಪಡಸಾಲೆಯ ಗೋಡೆಗೆ ತೂಗುಹಾಕಿರುವ ಕ್ಯಾಲೆಂಡರಿನಲ್ಲಿ ಒಂದೊಂದು ದಿನಕ್ಕೆ ಒಂದೊಂದು ಚೌಕ. ಆ ಚೌಕದೊಳಗೆ ತಿಥಿ, ವಾರ, ನಕ್ಷತ್ರಗಳ ಜೊತೆಗೆ ಶರಣರ ಜಯಂತಿ, ಪೂಜ್ಯರ ಪುಣ್ಯಸ್ಮರಣೆ, ಊರೂರಿನ ಜಾತ್ರೆಗಳು ಒತ್ತೊತ್ತಾಗಿ ಕುಳಿತಿರುತ್ತವೆ. ಅದರ ಅಂಚಿನಲ್ಲಿಯೇ ಮನೆಯವರು ಹಾಲಿನ ಲೆಕ್ಕವನ್ನೂ ಗ್ಯಾಸ್ ಸಿಲಿಂಡರು ಬಂದ ದಿನವನ್ನೂ ಗುರುತು ಮಾಡಿರುತ್ತಾರೆ.

ಈಚೆಗೊಮ್ಮೆ ಆಗಸ್ಟ್ ತಿಂಗಳ ಹಾಳೆಯನ್ನು ತಿರುವುತ್ತಿರುವಾಗ, ಹದಿನಾರು ತುಂಬಿದ ನನ್ನ ಮೊಮ್ಮಗಳು ಬಳಿಗೆ ಬಂದು ಆಗಸ್ಟ್ ಒಂದರಂದು ಲೋಕದಲ್ಲಿ ಏನೇನು ಆಚರಣೆಗಳಿವೆಯೆಂಬುದನ್ನು ಮೊಬೈಲಿನಲ್ಲಿ ನೋಡಿ ಓದಿ ಹೇಳತೊಡಗಿದಳು. ಅಂದು ಸ್ವಿಟ್ಜರ್ಲೆಂಡಿನವರಿಗೆ 1291ರ ಒಡಂಬಡಿಕೆಯ ನೆನಪಿನ ರಾಷ್ಟ್ರೀಯ ದಿನ. ಇಂಗ್ಲೆಂಡಿನ ಯಾರ್ಕ್‌ಶೈರ್ ಸೀಮೆಯವರು ಆಡಳಿತದ ಗಡಿಗಳನ್ನು ಬದಲಿಸಿದ್ದನ್ನು ಪ್ರತಿಭಟಿಸಿ 1975ರಿಂದ ಅಂದೇ ತಮ್ಮ ಸೀಮೆಯ ಹೆಸರಿನ ದಿನವನ್ನು ಆಚರಿಸುತ್ತಾರೆ. ತಾಯಿಯ ಹಾಲಿನ ಮಹತ್ವವನ್ನು ಸಾರುವ ವಿಶ್ವ ಸ್ತನ್ಯಪಾನ ಸಪ್ತಾಹವು 1992ರಿಂದ ಅಂದೇ ಮೊದಲಾಗುತ್ತದೆ. ಕೊನೆಗೆ ನಮ್ಮ ರಾಜ್ಯದ ವ್ಯಸನಮುಕ್ತ ದಿನ.

"ದಿನಕ್ಕೊಂದು ದಿನಾಚರಣೆ ಅಂದ್ರ ನಗು ಬರ್ತೈತಿ ಅಜ್ಜಾ. ಇಷ್ಟೆಲ್ಲಾ ಮಾಡಿ ಏನ್ ಆಗೈತಿ?" ಎಂದು ಕೇಳಿದಳು.

ನಾನು ಉಪನ್ಯಾಸ ಮಾಡಿ ಬದುಕಿದವನು. ಇಂಥ ಪ್ರಶ್ನೆಗೆ ಅರ್ಧ ಗಂಟೆಯ ಉತ್ತರ ನನ್ನ ನಾಲಿಗೆಯ ತುದಿಯಲ್ಲಿಯೇ ಇರುತ್ತದೆ. ಆದರೆ ಕೇಳಿದವಳು ಅವಳಾದುದರಿಂದ ಆ ಉತ್ತರ ಅಂದು ಹೊರಡಲಿಲ್ಲ. ಅದೇಕೆಂಬುದನ್ನು ಈ ಪತ್ರಿಕೆಯ ಶರಣ ಬಂಧುಗಳ ಮುಂದೆ ಮುಚ್ಚುಮರೆಯಿಲ್ಲದೆ ನಿವೇದಿಸಬೇಕೆನಿಸಿದೆ.

ಆಗಸ್ಟ್ ಒಂದು ವ್ಯಸನಮುಕ್ತ ದಿನವಾದುದು ಇಳಕಲ್ಲ ಚಿತ್ತರಗಿ ಸಂಸ್ಥಾನ ಮಠದ ಲಿಂಗೈಕ್ಯ ಡಾ. ಮಹಾಂತ ಅಪ್ಪಗಳವರಿಂದ. ಪೂಜ್ಯರು ಜನಿಸಿದ್ದು 1930ರ ಆಗಸ್ಟ್ 1ರಂದು. ಮಠಾಧೀಶರ ಹೆಗಲಿಗೆ ಜೋಳಿಗೆ ಹೊಸದಲ್ಲ. ಜೋಳ, ಅಕ್ಕಿ, ಕಾಣಿಕೆಗಳು ಅದರಲ್ಲಿ ಬೀಳುವುದು, ಬಿದ್ದುದು ದಾಸೋಹಕ್ಕೆ ಸಲ್ಲುವುದು ನಮ್ಮ ಸಂಪ್ರದಾಯ. ಆದರೆ ಈ ಅಪ್ಪಗಳು ಹಿಡಿದ ಜೋಳಿಗೆಯ ರೀತಿಯೇ ಬೇರೆ. ಊರೂರು ತಿರುಗಿ, ಓಣಿ ಓಣಿಗಳಲ್ಲಿ ನಡೆದು, ಮನೆಯ ಬಾಗಿಲಲ್ಲಿ ನಿಂತು ಅವರು ಬೇಡಿದ್ದು ಕಾಳನ್ನಲ್ಲ, ಕಾಸನ್ನಲ್ಲ. ನಿಮ್ಮ ದುಶ್ಚಟಗಳನ್ನು ಇದರಲ್ಲಿ ಹಾಕಿರೆಂದು ಬೇಡಿದರು. ಬೀಡಿಯ ಕಟ್ಟು, ತಂಬಾಕಿನ ಚೀಟು, ಗುಟ್ಕಾ, ಸಾರಾಯಿಯ ಬಾಟಲಿ ಅದರೊಳಗೆ ಬಿದ್ದವು. ಮಹಾಂತ ಜೋಳಿಗೆಯೆಂದು ನಾಡೆಲ್ಲ ಹೆಸರಾದುದು ಇದೇ. 2018ರಲ್ಲಿ ಅಪ್ಪಗಳು ಲಿಂಗೈಕ್ಯರಾದರು. ಅವರ ಜನ್ಮದಿನವು ವ್ಯಸನಮುಕ್ತ ದಿನವಾಗಿ ನಾಡಿನಲ್ಲಿ ಆಚರಣೆಯಲ್ಲಿದೆ.

ಬಡವನು ಕೊಡಲು ನನ್ನಲ್ಲಿ ಏನೂ ಇಲ್ಲವೆಂದು ಹೇಳಬಹುದು. ಆದರೆ ಕೆಟ್ಟ ಚಟವಿದ್ದವನು ಈ ಜೋಳಿಗೆಯ ಮುಂದೆ ಹಾಗೆನ್ನುವಂತಿಲ್ಲ. ನಾನೂ ಹಾಗೆನ್ನುವಂತಿರಲಿಲ್ಲ.

ಮಠದ ಪ್ರಸಾದನಿಲಯದಲ್ಲಿ ಉಂಡು, ಗುರುಗಳ ಪಾದದಡಿ ಕುಳಿತು ವಚನಶಾಸ್ತ್ರ ಕಲಿತ ನನಗೆ ಬಾಲ್ಯದಲ್ಲಿ ಯಾವ ಚಟವೂ ಇರಲಿಲ್ಲ. ಮುಂದೆ ಓಲೆಗರಿಗಳನ್ನು ಪರಿಷ್ಕರಿಸುವ ಕೆಲಸಕ್ಕೆ ತೊಡಗಿದಾಗ, ರಾತ್ರಿಯ ನಿದ್ದೆಯನ್ನು ದೂರವಿಡುವ ನೆಪದಲ್ಲಿ ನಶ್ಯ ಏರಿಸತೊಡಗಿದೆ. ಮೊದಲು ಚಿಟಿಕೆ, ಆಮೇಲೆ ದಿನಕ್ಕೊಂದು ಡಬ್ಬಿ. ಧೋತರದ ಮೇಲೆ, ಪುಸ್ತಕದ ಪುಟಗಳ ಸಂದಿಯಲ್ಲಿ, ಎಲ್ಲೆಲ್ಲಿಯೂ ಅದರ ಕಂದು ಪುಡಿ. ವಿದ್ವಾಂಸರಿಗೆ ನಶ್ಯವೊಂದು ಭೂಷಣವೆಂದು ಗೆಳೆಯರು ನಕ್ಕರೆ ನಾನೂ ನಗುತ್ತಿದ್ದೆ.

2014ರಲ್ಲಿ ನಾಗರ ಪಂಚಮಿಯು ಆಗಸ್ಟ್ 1ಕ್ಕೇ ಬಂದಿತ್ತು. ನಮ್ಮ ಕಡೆ ಪಂಚಮಿಯೆಂದರೆ ಹೆಣ್ಣುಮಕ್ಕಳು ತವರಿಗೆ ಬರುವ, ಜೋಕಾಲಿ ಕಟ್ಟುವ, ತರತರದ ಉಂಡಿ ಕಟ್ಟುವ ಹಬ್ಬ. ಅದನ್ನು ಬಸವಣ್ಣನವರ ಲಿಂಗೈಕ್ಯದ ಸ್ಮರಣೆಯಾಗಿ, ಬಸವ ಪಂಚಮಿಯೆಂದು ಆಚರಿಸುವ ಪದ್ಧತಿ ನಮ್ಮ ಸಮಾಜದಲ್ಲಿದೆ. ಹುತ್ತಕ್ಕೆ ಹಾಲೆರೆದರೆ ಹಾವು ಕುಡಿಯುವುದಿಲ್ಲ, ಹಾಲು ಮಣ್ಣುಪಾಲು. ಆದ್ದರಿಂದ ಅದನ್ನು ಮಕ್ಕಳಿಗೆ ಕುಡಿಸಬೇಕೆಂಬ ವಿಚಾರ ಅದರ ಜೊತೆಗಿದೆ. ಹುಬ್ಬಳ್ಳಿಯ ನಮ್ಮ ಓಣಿಯಲ್ಲಿ ಅಂದು ಮಕ್ಕಳನ್ನು ಕೂಡಿಸಿ ಹಾಲು ಹಂಚುವ ಕೆಲಸ ನನ್ನ ಪಾಲಿಗೆ ಬಂದಿತು. ಮೊದಲು ಬಸವಣ್ಣನವರ ವಿಚಾರವನ್ನೂ ಮಹಾಂತ ಜೋಳಿಗೆಯ ಮಹಿಮೆಯನ್ನೂ ಕುರಿತು ಮಾತನಾಡಿದೆ. ಅನಂತರ ಲೋಟಗಳನ್ನು ಕೊಡುತ್ತ ಬಂದೆ. ಸಾಲಿನಲ್ಲಿ ಐದು ವರ್ಷದ ನನ್ನ ಮೊಮ್ಮಗಳೂ ಇದ್ದಳು.

ಲೋಟವನ್ನು ಬಾಯಿಯ ಹತ್ತಿರ ಒಯ್ದವಳು ಮುಖ ಸಿಂಡರಿಸಿ ಹಿಂದಕ್ಕೆ ಚಾಚಿದಳು. "ಒಲ್ಲೆ ಅಜ್ಜಾ. ನಿನ್ನ ಕೈ ನಶ್ಯದ ವಾಸನಿ ಹೊಡಿತೈತಿ."

ನೆರೆದವರು ನಕ್ಕರು. ಅವಳ ಅಜ್ಜಿ ಬಂದು ಬೇರೆ ಲೋಟದಲ್ಲಿ ಹಾಲು ಕೊಟ್ಟಳು, ಕೂಸು ಕುಡಿಯಿತು. ನಾನು ನಲ್ಲಿಯ ಹತ್ತಿರ ಹೋಗಿ ಕೈ ತೊಳೆದುಕೊಂಡೆ. ಅಂದೇ ಡಬ್ಬಿಯನ್ನು ಬಿಸುಟೆನೆಂದು ಬರೆಯಲು ಸಾಧ್ಯವಾಗಿದ್ದರೆ ಈ ಬರಹ ಇಲ್ಲಿಗೇ ಮುಗಿಯುತ್ತಿತ್ತು. ನಾನು ಬಿಸುಟಿದ್ದು ನಿಜ. ಆದರೆ ಮೂರನೆಯ ದಿನಕ್ಕೆ ಗೆಳೆಯರ ಹತ್ತಿರ ಚಿಟಿಕೆ ಬೇಡಿದೆ. ತಿಂಗಳೊಪ್ಪತ್ತಿನಲ್ಲಿ ಹೊಸ ಡಬ್ಬಿ ಕೊಂಡೆ.

ನನ್ನ ತಮ್ಮನಿಗೆ ತಂಬಾಕು ಅಗಿಯುವ ಚಟ. ಸುಣ್ಣ ಬೆರೆಸಿ ಅಂಗೈಯಲ್ಲಿ ತಿಕ್ಕಿ ತುಟಿಯ ಸಂದಿಯಲ್ಲಿ ಇಟ್ಟುಕೊಳ್ಳುತ್ತಿದ್ದನು. ಬಿಡು ಎಂದು ಅವನಿಗೆ ಹೇಳಬೇಕಾದವನು ಹಿರಿಯನಾದ ನಾನು. ಹೇಳಲು ಬಾಯಿ ತೆರೆದಾಗಲೆಲ್ಲ ಅವನ ಕಣ್ಣು ನನ್ನ ಜೇಬಿನ ಕಡೆ ಹೋಗುತ್ತಿತ್ತು; ನಾನು ಮಾತು ಬದಲಿಸುತ್ತಿದ್ದೆ. 2016ರಲ್ಲಿ ಬಾಯಿಯ ಅರ್ಬುದ ರೋಗ ಅವನನ್ನು ಒಯ್ದಿತು. ಕಡೆಯ ದಿನಗಳಲ್ಲಿ, ಮಾತು ಅಸ್ಪಷ್ಟವಾಗಿದ್ದರೂ ನನಗೆ ತಿಳಿಯುವಂತೆ, "ಅಣ್ಣಾ, ನೀ ಬಿಟ್ಟಿದ್ರ ನಾನೂ ಬಿಡ್ತಿದ್ನೇನೋ" ಎಂದನು. ಅದರಲ್ಲಿ ದೂರು ಇರಲಿಲ್ಲ. ಇದ್ದಿದ್ದರೆ ಹೊರುವುದು ಸುಲಭವಾಗುತ್ತಿತ್ತು. ಅವನ ಶಿವಗಣಾರಾಧನೆ ಮುಗಿದ ಸಂಜೆಯೇ ನನ್ನ ಕೈ ಮತ್ತೆ ಜೇಬಿಗೆ ಹೋಯಿತು.

ನಮ್ಮ ಭಾಷೆಯಲ್ಲಿ ವ್ಯಸನವೆಂಬ ಪದಕ್ಕೆ ಚಟವೆಂಬುದು ಒಂದರ್ಥ, ದುಃಖವೆಂಬುದು ಇನ್ನೊಂದರ್ಥ. ವ್ಯಸನಪಡುವುದೆಂದರೆ ಮರುಗುವುದು. ಒಂದೇ ಪದಕ್ಕೆ ಎರಡು ಅರ್ಥವೆಂದು ವಿದ್ಯಾರ್ಥಿಗಳಿಗೆ ಪಾಠ ಹೇಳುತ್ತಿದ್ದ ನನಗೆ, ಅವೆರಡೂ ಒಂದೇ ಎಂಬುದು ಆ ಸಂಜೆ ತಿಳಿಯಿತು.

2018ರ ಮೇ ತಿಂಗಳಿನಲ್ಲಿ ಮಹಾಂತ ಅಪ್ಪಗಳು ಲಿಂಗೈಕ್ಯರಾದರೆಂಬ ಸುದ್ದಿ ಬಂದಾಗ, ಅವರ ಜೋಳಿಗೆಗೆ ನಾನು ಏನನ್ನೂ ಹಾಕಲಿಲ್ಲವೆಂಬ ಕೊರಗು ಎದೆಯಲ್ಲಿ ನಿಂತಿತು. ಆ ವರ್ಷದ ಆಗಸ್ಟ್ 1ರಂದು ಯಾವ ಸಭೆಗೂ ಹೋಗಲಿಲ್ಲ. ಲಿಂಗಪೂಜೆ ಮುಗಿಸಿ, ಪ್ರಸಾದನಿಲಯದ ದಿನಗಳಿಂದ ಪೆಟ್ಟಿಗೆಯ ತಳದಲ್ಲಿದ್ದ ಹಳೆಯ ಕಾವಿಯ ಜೋಳಿಗೆಯನ್ನು ತೆಗೆದು, ಒಂಬತ್ತು ವರ್ಷದ ಮೊಮ್ಮಗಳ ಕೈಗೆ ಕೊಟ್ಟು, ಹಿಡಿದುಕೊಂಡು ನಿಲ್ಲೆಂದೆ. ಡಬ್ಬಿಯನ್ನು ಅದರಲ್ಲಿ ಹಾಕಿದೆ. "ಬ್ಯಾರೆ ಡಬ್ಬಿ ಐತೇನ್ ಅಜ್ಜಾ?" ಎಂದಳು. ಪುಸ್ತಕದ ಕಪಾಟಿನ ಹಿಂದೆ ಇನ್ನೊಂದಿತ್ತು. ಅದನ್ನೂ ತಂದು ಹಾಕಿದೆ. ಮೂರು ವಾರ ತಲೆನೋವು, ಸಿಟ್ಟು, ಓದಿದ್ದು ತಲೆಗೆ ಹತ್ತದ ಅವಸ್ಥೆ. ಆಮೇಲೆ ಕಡಿಮೆಯಾಯಿತು. ಅಂದಿನಿಂದ ಇಂದಿನವರೆಗೆ ಮುಟ್ಟಿಲ್ಲ.

ಆಗಸ್ಟ್ ಒಂದರ ಚೌಕದಲ್ಲಿ ಇನ್ನೊಂದು ಸಂಗತಿಯೂ ಇದೆ. ಬ್ರಿಟಿಷ್ ಸಾಮ್ರಾಜ್ಯದ ಬಹುಭಾಗದಲ್ಲಿ ಗುಲಾಮಗಿರಿ ರದ್ದಾದುದು 1834ರ ಆಗಸ್ಟ್ 1ರಂದು. ಜಮೈಕಾ, ಬಾರ್ಬಡೋಸ್, ಟ್ರಿನಿಡಾಡ್ ಮೊದಲಾದ ಕಡೆ ಅದು ಇಂದಿಗೂ ವಿಮೋಚನೆಯ ದಿನ. ಆದರೆ ಆರು ವರ್ಷದೊಳಗಿನ ಮಕ್ಕಳನ್ನು ಬಿಟ್ಟು ಉಳಿದವರು ಕೆಲಸ ಕಲಿಯುವವರೆಂಬ ಹೊಸ ಹೆಸರಿನಲ್ಲಿ ಹಳೆಯ ಧಣಿಗಳ ಹೊಲದಲ್ಲಿಯೇ ದುಡಿಯಬೇಕಾಯಿತು. ಪರಿಹಾರವೆಂದು ಕೊಟ್ಟ ಎರಡು ಕೋಟಿ ಪೌಂಡು ಸಂದದ್ದು ಧಣಿಗಳಿಗೆ, ದುಡಿದವರಿಗಲ್ಲ. ನಿಜವಾದ ಬಿಡುಗಡೆ ಬಂದುದು 1838ರ ಆಗಸ್ಟ್ 1ಕ್ಕೆ. ಅವರು ಪರರ ಸಂಕೋಲೆಯಲ್ಲಿದ್ದರು, ನನ್ನದು ನಾನೇ ತೊಟ್ಟುಕೊಂಡದ್ದು. ಹೋಲಿಕೆ ಅಲ್ಲಿಗೇ ನಿಲ್ಲಬೇಕು. ಆದರೂ ಘೋಷಣೆಗೂ ಬಿಡುಗಡೆಗೂ ನಡುವೆ ವರ್ಷಗಳೇ ಕಳೆಯಬಹುದೆಂಬುದನ್ನು ನಾನು ಆ ಇತಿಹಾಸದಿಂದ ಅರಿತೆನು.

ನಮ್ಮ ನೆಲದಲ್ಲಿಯೂ ಹಾಗೆಯೇ. ಅಸಹಕಾರ ಚಳವಳಿ ಆರಂಭವಾದುದು 1920ರ ಆಗಸ್ಟ್ 1ರಂದು. ಲೋಕಮಾನ್ಯ ತಿಲಕರು ಕೊನೆಯುಸಿರೆಳೆದುದೂ ಅಂದೇ. ಮದ್ಯದಂಗಡಿಗಳ ಮುಂದಿನ ಪಿಕೆಟಿಂಗು ಆ ಚಳವಳಿಯ ಒಂದು ಅಂಗವಾಯಿತು. ಅದರಿಂದಾಗಿಯೇ ಧಾರವಾಡದಲ್ಲಿ 1921ರ ಜುಲೈ 1ರಂದು ಪೊಲೀಸರ ಗುಂಡಿಗೆ ಮೂವರು ಬಲಿಯಾದರು. ಜಕಣಿ ಬಾವಿಯ ಹತ್ತಿರದ ಸ್ಮಾರಕ ಅವರದು. ಕುಡಿಯಬೇಡಿರೆಂದು ಹೇಳುವವರ ಪರವಾಗಿ ನಿಂತು ಪ್ರಾಣತೆತ್ತವರ ಊರು ನಮ್ಮದು. ರಾಜ್ಯದಲ್ಲಿ 2013ರಲ್ಲಿ ಗುಟ್ಕಾ ನಿಷೇಧವಾದ ಮೇಲೆ ಪಾನ್ ಮಸಾಲೆಯ ಚೀಟು ಬೇರೆ, ತಂಬಾಕಿನ ಚೀಟು ಬೇರೆಯಾಗಿ ಕೊಂಡು ಬೆರೆಸಿಕೊಳ್ಳುವವರ ಊರೂ ಇದೇ.

ಏನಾಗಿದೆಯೆಂದು ಕೇಳಿದ ಮೊಮ್ಮಗಳಿಗೆ ನಾನು ಅಂದು ಹೇಳಿದ್ದಿಷ್ಟೇ: "ಜೋಳಿಗಿ ಹಿಡಕೊಂಡು ನಿಂತಾಕಿ ನೀನವ್ವಾ. ಏನಾಗೈತಿ ಅಂತ ನನ್ನ ಕೇಳತೀ?" ಅವಳಿಗೆ ನೆನಪಾಯಿತು. ನಗಲಿಲ್ಲ.

ದಿನವೊಂದು ತಾನಾಗಿ ಯಾರನ್ನೂ ಬಿಡಿಸಲಾರದು. ಅದು ಬಾಗಿಲಿಗೆ ಬಂದು ನಿಲ್ಲುವ ಜಂಗಮನಂತೆ. ಜೋಳಿಗೆ ಹಿಡಿಯುವುದಷ್ಟೇ ಅದರ ಕೆಲಸ, ಹಾಕುವುದು ನಮ್ಮದು. ಈ ವರ್ಷ ಹಾಕಲಾಗದವನ ಬಾಗಿಲಿಗೆ ಅದು ಮುಂದಿನ ವರ್ಷವೂ ಬರುತ್ತದೆ. ಆದರೆ ನನ್ನ ತಮ್ಮನಂಥವರು ಅಷ್ಟು ಹೊತ್ತು ಕಾಯಲಾರರು.

ಆದ್ದರಿಂದ ಮನೆಮನೆಯ ಹಿರಿಯರಲ್ಲಿ ನನ್ನದೊಂದು ಬಿನ್ನಹ. ಬರುವ ಆಗಸ್ಟ್ ಒಂದರಂದು ಮಕ್ಕಳಿಗೆ ಉಪದೇಶ ಮಾಡುವ ಮುನ್ನ, ಅವರ ಕೈಗೊಂದು ಜೋಳಿಗೆ ಕೊಟ್ಟು ಮೊದಲು ನಮ್ಮ ಮುಂದೆಯೇ ಹಿಡಿಯಲು ಹೇಳೋಣ.