ಜೋಳಿಗೆಯೂ ಗುಳಿಗೆಯೂ

ಇಳಕಲ್ಲಿನ ಡಾ. ಮಹಾಂತ ಶಿವಯೋಗಿಗಳು 1975ರಲ್ಲಿ ಜೋಳಿಗೆ ಹಿಡಿದು ಬೇಡಿದ್ದು ಧಾನ್ಯವನ್ನಲ್ಲ, ಜನರ ದುಶ್ಚಟಗಳನ್ನು. ಆ ಜೋಳಿಗೆಗೆ ಕುಡಿತವನ್ನು ಹಾಕಿ ಸನ್ಮಾರ್ಗಕ್ಕೆ ಮರಳಿದವರು ಅನೇಕರು. ಆದರೆ ಸಂಕಲ್ಪವಿದ್ದರೂ ದೇಹ ಸಹಕರಿಸದವರೂ ಉಂಟು. ನನ್ನ ಸೋದರಮಾವನ ಮಗ ಎರಡು ಬಾರಿ ಇಷ್ಟಲಿಂಗದ ಮೇಲೆ ಆಣೆಯಿಟ್ಟೂ ಸೋತ. ಅನಂತರ ಮನೋವೈದ್ಯರ ಸಲಹೆಯಂತೆ ನಿತ್ಯ ಲಿಂಗಪೂಜೆ ಮುಗಿಸಿ, ಪತ್ನಿಯ ಎದುರಿನಲ್ಲಿಯೇ ಗುಳಿಗೆ ನುಂಗತೊಡಗಿದ. “ಭಕ್ತನಿಗೆ ಗುಳಿಗೆಯೇಕೆ?” ಎಂದರು ಹಿರಿಯರು. ಸಕ್ಕರೆ ಕಾಯಿಲೆಗೆ ಔಷಧಿ ಸೇವಿಸುವ ನಾವು ಇದಕ್ಕೇಕೆ ನಾಚಬೇಕು?

ಅವನ ಔಷಧಿ ಡೈಸಲ್ಫಿರಾಮ್. ಅದನ್ನು ಸೇವಿಸಿದವನು ಮದ್ಯ ಮುಟ್ಟಿದರೆ ಅಸಿಟಾಲ್ಡಿಹೈಡ್ ಎಂಬ ವಿಷಾಂಶ ದೇಹದಲ್ಲಿ ಶೇಖರವಾಗಿ ಮುಖ ಕೆಂಪೇರುತ್ತದೆ; ವಾಂತಿ, ಎದೆಬಡಿತ ಉಂಟಾಗುತ್ತವೆ. ಆ ಭಯವೇ ಕಾವಲು. ನಾಲ್ಟ್ರೆಕ್ಸೋನ್ ಎಂಬ ಬೇರೊಂದು ಗುಳಿಗೆ ಕುಡಿಯುವ ತವಕವನ್ನೇ ತಗ್ಗಿಸುತ್ತದೆ.

ತಾಯಂದಿರಲ್ಲಿ ಒಂದು ವಿನಂತಿ. ಡೈಸಲ್ಫಿರಾಮನ್ನು ಸಾರಿನಲ್ಲಿ ಗುಟ್ಟಾಗಿ ಬೆರೆಸದಿರಿ. ಅರಿಯದೆ ಕುಡಿದವನ ಪ್ರಾಣಕ್ಕೇ ಅಪಾಯ. ಬಹುಕಾಲದ ಕುಡಿತವನ್ನು ಒಮ್ಮೆಲೇ ನಿಲ್ಲಿಸಿದರೂ ನಡುಕ, ಸೆಳವು ಬರಬಹುದು. ಆದ್ದರಿಂದ ಮೊದಲು ವೈದ್ಯರನ್ನು ಕಾಣಿರಿ.

ಅರಿತು ನುಂಗಿದ ಗುಳಿಗೆ ಸಂಕಲ್ಪಕ್ಕೆ ಊರುಗೋಲು. ನಡೆಯಬೇಕಾದವನು ಅವನೇ, ಜೊತೆಗಿರಬೇಕಾದವರು ಮನೆಯವರು.